ಮುರಿದ ಕಾಲಿನಲ್ಲಿ ಆಡಿಸಿದವರು ನಮಗೆ ನಿರೀಕ್ಷೆಯ ಪಾಠ ಹೇಳಬೇಕಿಲ್ಲ

ಕಾಲೇಜಿನ ಮಾನ್ಯ ಕ್ರೀಡಾ ನಿರ್ದೇಶಕರೇ,

ಸೂಚನಾ ಫಲಕಕ್ಕೆ ನೀವು ಅಂಟಿಸಿದ ಕಾಗದ ಓದಿ ನನಗೆ ಬಂದದ್ದು ಸಿಟ್ಟಲ್ಲ, ಹೇಸಿಗೆ. ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಸತತ ಹನ್ನೊಂದು ಪಂದ್ಯ ಸೋತಿರುವುದಕ್ಕೆ 'ಅಭಿಮಾನಿಗಳ ಅವಾಸ್ತವಿಕ ನಿರೀಕ್ಷೆ'ಯೇ ಕಾರಣ, ಆದ್ದರಿಂದ ಉಳಿದ ಪಂದ್ಯಗಳಿಗೆ ಗ್ಯಾಲರಿ ಮುಚ್ಚಲಾಗಿದೆ ಎಂದು ಬರೆದಿದ್ದೀರಿ. ಕೆಳಗೆ ಇನ್ನೊಂದು ಸಾಲು: ತಂಡದ ನಾಯಕಿಯನ್ನು ಅಶಿಸ್ತಿನ ಕಾರಣ ಕೈಬಿಡಲಾಗಿದೆ. ಎರಡು ಸಾಲು, ಎರಡು ಸುಳ್ಳು. ನಿಮ್ಮ ಸಹಿಯೊಂದೇ ನಿಜ.

ನಾನು ಊರಿನ ದೊಡ್ಡಾಸ್ಪತ್ರೆಯಲ್ಲಿ ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕುವವನು. ನಿಮ್ಮ ಕಾಲೇಜಿನಲ್ಲಿ ಓದಿದವನಲ್ಲ. ಮದುವೆಯಾದ ಹೊಸತರಲ್ಲಿ ಕೆಲಸ ಮುಗಿಸಿ ಹೋಗುತ್ತಿದ್ದಾಗ ಚೆಂಡು ಪುಟಿಯುವ ಸದ್ದು ಕೇಳಿ ನಿಮ್ಮ ಒಳಾಂಗಣ ಕ್ರೀಡಾಂಗಣದೊಳಗೆ ಇಣುಕಿದೆ. ಹತ್ತೊಂಬತ್ತು ವರ್ಷ ಅಲ್ಲೇ ಕೂತೆ, ಮೂರನೇ ಸಾಲಿನಲ್ಲಿ. ಈ ಹತ್ತೊಂಬತ್ತು ವರ್ಷದಲ್ಲಿ ನಮ್ಮ ತಂಡ ಕಪ್ ಗೆದ್ದದ್ದು ಒಂದೇ ಸಲ. ಹೇಳಿ, ಬರೀ ಗೆಲುವಿನ ಆಸೆಗೆ ಬಿದ್ದವನು ಇಷ್ಟು ಕಾಲ ಆ ಗಟ್ಟಿ ಹಲಗೆಯ ಮೇಲೆ ಕೂರುತ್ತಾನೆಯೇ? ಸೋಲು ನಮಗೆ ಹೊಸ ನೆಂಟನಲ್ಲ, ಮನೆಯವನೇ ಆಗಿದ್ದಾನೆ.

ನೀವು ಕೈಬಿಟ್ಟ ಆ ನಾಯಕಿಯನ್ನು ಗ್ಯಾಲರಿಯ ನಾವೆಲ್ಲ 'ಬುಗುರಿ' ಎಂದು ಕರೆಯುತ್ತೇವೆ. ಕುಳ್ಳಗಿನ ಹುಡುಗಿ. ತನಗಿಂತ ಒಂದು ಮೊಳ ಎತ್ತರದವರ ನಡುವೆ ಗಿರ್ರನೆ ತಿರುಗಿ ಆಚೆ ಬದಿಗೆ ಬಂದುಬಿಡುತ್ತಿದ್ದಳು. ಹನ್ನೊಂದನೆಯ ಸೋಲಿನ ಆ ಶನಿವಾರ ಸಂಜೆ ಮಾತ್ರ ಅವಳು ತಿರುಗಲಿಲ್ಲ. ನಿಂತಲ್ಲೇ ಚೆಂಡು ಕಳೆದುಕೊಂಡಳು, ಸುಲಭದ ಎಸೆತಗಳನ್ನೂ ತಪ್ಪಿದಳು. ಮುಂದಿನ ಸೋಫಾದಲ್ಲಿ ನಿಮ್ಮ ಅತಿಥಿಗಳ ಪಕ್ಕ ನೀವು ಕೈಕಟ್ಟಿ ಕೂತಿದ್ದಿರಿ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದೆ: "ಬುಗುರಿ, ಆಡೋಕಾಗ್ದಿದ್ರೆ ಹೊರಗೆ ಕೂತ್ಕೋ. ಬೇರೆಯವ್ರಾದ್ರೂ ಆಡ್ಲಿ." ಸುತ್ತಲಿನವರು ನಕ್ಕರು. ನನಗೂ ಏನೋ ಸಾಧಿಸಿದ ಹಾಗೆ ಅನ್ನಿಸಿತು.

ಸೋಮವಾರ ಬೆಳಿಗ್ಗೆ ಅವಳು ತಾಯಿಯ ಹೆಗಲು ಹಿಡಿದುಕೊಂಡು ನಮ್ಮ ಪ್ಲಾಸ್ಟರ್ ಕೋಣೆಗೆ ಬಂದಳು.

ನಮ್ಮ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕೇಳಿದರು: "ಇದು ಮೊನ್ನೆಯ ಪೆಟ್ಟಲ್ಲ ಕಣಮ್ಮ. ಮೂರು ವಾರ ಆಗಿದೆ. ಪಾದದ ಮೂಳೆ ಕೂಡೋಕೆ ಶುರುವಾಗಿ ಮತ್ತೆ ಬಿಟ್ಕೊಂಡಿದೆ. ಇದರ ಮೇಲೆ ಓಡಾಡ್ತಿದ್ಯಾ?"

"ಆಡ್ತಿದ್ದೆ ಸರ್. ಮೂರು ಮ್ಯಾಚ್."

ತಾಯಿ ಬೇರೆಯವರ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಮಗಳನ್ನು ಓದಿಸುತ್ತಿರುವವರು. ಗೋಡೆಗೆ ಒರಗಿಕೊಂಡು, "ನಂಗೂ ಹೇಳ್ಲಿಲ್ಲ ನೋಡಿ. ಹಾಸ್ಟೆಲಿಂದ ಬಂದಾಗೆಲ್ಲ ಬೂಟು ಬಿಗಿ ಆಗಿದೆ ಅಂತಿದ್ಲು," ಎಂದರು.

ನಾನು ನೆನೆಸಿದ ಪಟ್ಟಿ ಸುತ್ತತೊಡಗಿದೆ, ಅವಳು ಹೇಳತೊಡಗಿದಳು. ಅಂಕಣದ ಎಡಗಡೆಯ ಕಂಬದ ಬಳಿ ಸೂರು ಸೋರುತ್ತದೆ. ನೀರು ಕುಡಿದು ನೆಲದ ಹಲಗೆ ಉಬ್ಬಿ ಎದ್ದಿದೆ. ಅಭ್ಯಾಸದ ವೇಳೆ ಅಲ್ಲೇ ಕಾಲು ಸಿಕ್ಕಿಕೊಂಡು ಬಿದ್ದಳು. ತರಬೇತುದಾರರು, ಅಂದರೆ ಈ ವರ್ಷದ ಮೂರನೆಯವರು, ಅವಳನ್ನು ನಿಮ್ಮ ಕೋಣೆಗೆ ಕರೆತಂದರು. ಕುರ್ಚಿಯಿಂದ ಏಳದೆಯೇ ನೀವು ಹೇಳಿದ ಮಾತು ಅವಳಿಗೆ ಬಾಯಿಪಾಠವಾಗಿದೆ: "ಕ್ರೀಡಾ ಕೋಟಾದಲ್ಲಿ ಸೀಟು ಕೊಟ್ಟಿರೋದು ಕೂರೋಕಲ್ಲ. ಬಿಗಿಯಾಗಿ ಕಟ್ಕೊಂಡು ಆಡು. ಜನ ಬರೋದು ನಿನ್ನ ನೋಡೋಕೆ."

ನೋಡಿದಿರಾ ನಿರ್ದೇಶಕರೇ, ಅವಳನ್ನು ಕಣಕ್ಕೆ ಇಳಿಸುವಾಗ ನಮ್ಮ ನಿರೀಕ್ಷೆ ನಿಮ್ಮ ಕೈಯ ಚಾಟಿ. ಸೋತ ಮೇಲೆ ಅದೇ ನಿರೀಕ್ಷೆ ಅಪರಾಧಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಿಮಗೂ ಗೊತ್ತಿರಬೇಕು. ನಿಮ್ಮಲ್ಲಿ ನೆಲ ನಿಜಕ್ಕೂ ಡೊಂಕು. ಅದನ್ನು ಸರಿಪಡಿಸುವ ಬದಲು ಕುಣಿಯಬಲ್ಲವಳನ್ನೇ ಹೊರಗೆ ಹಾಕಿದಿರಿ.

ಪಟ್ಟಿ ಹಿಮ್ಮಡಿ ದಾಟಿ ಮೇಲಕ್ಕೆ ಬರುವ ಹೊತ್ತಿಗೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಅಂಕಲ್, ನೀವು ಮೂರನೇ ಸಾಲಿನವ್ರಲ್ವಾ? ಧ್ವನಿ ಗೊತ್ತಾಯ್ತು."

ನನ್ನ ಕೈ ನಿಂತಿತು. ಆದರೆ ಪ್ಲಾಸ್ಟರ್ ಯಾರ ನಾಚಿಕೆಗೂ ಕಾಯುವುದಿಲ್ಲ, ಗಟ್ಟಿಯಾಗಿಬಿಡುತ್ತದೆ. ಸುತ್ತುತ್ತಲೇ ಹೇಳಿದೆ: "ಹೌದಮ್ಮ. ಕೂಗಿದ್ದು ನಾನೇ. ತಪ್ಪಾಯ್ತು."

"ಪರ್ವಾಗಿಲ್ಲ ಅಂಕಲ್. ಅಷ್ಟು ಜನದಲ್ಲಿ ಹೊರಗೆ ಕೂತ್ಕೋ ಅಂತ ಹೇಳಿದ್ದು ನೀವೊಬ್ರೇ."

ಅವಳು ಕುಹಕವಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಂದು ರಾತ್ರಿ ಮನೆಯಲ್ಲಿ ನಿಮ್ಮನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದರೆ ನನ್ನ ಹೆಂಡತಿ ಕೇಳಿದಳು: "ದಿನಾ ಕುಂಟೋರನ್ನೇ ನೋಡೋ ನಿಮಗೆ ಅವತ್ತು ಕಣ್ಣು ಕಾಣ್ಲಿಲ್ವಾ?" ಈ ಪತ್ರದಲ್ಲಿರುವ ಹೇಸಿಗೆಯಲ್ಲಿ ನನ್ನ ಪಾಲೂ ಇದೆ. ಅದನ್ನು ನಾನು ಒಪ್ಪಿಕೊಂಡಿದ್ದೇನೆ. ನಿಮ್ಮ ಪಾಲು ಯಾರು ಒಪ್ಪಿಕೊಳ್ಳಬೇಕು?

ನಿಮ್ಮ ಕಾಗದ ಅಂಟಿದ ಮರುದಿನ, ಗುರುವಾರ, ಆ ತಾಯಿಯ ಜೊತೆ ನಾನೂ ನಿಮ್ಮ ಕಚೇರಿಗೆ ಬಂದೆ. ಒಂದೂವರೆ ಗಂಟೆ ಬೆಂಚಿನ ಮೇಲೆ ಕಾದೆವು. ಎದುರಿನ ಗಾಜಿನ ಕಪಾಟಿನಲ್ಲಿ ನಾವು ಗೆದ್ದ ಆ ಒಂದೇ ಕಪ್. ಅದರೊಳಗೆ ಯಾರೋ ಪೆನ್ನುಗಳನ್ನು ಇಟ್ಟಿದ್ದರು. ಒಳಗೆ ಕರೆದ ಮೇಲೆ ನೀವು ಎಕ್ಸ್‌ರೇಯನ್ನು ಲಕೋಟೆಯಿಂದ ಹೊರಗೆ ತೆಗೆಯಲೂ ಇಲ್ಲ. "ಸೋಮವಾರ ಅಭ್ಯಾಸಕ್ಕೆ ಹೇಳದೆ ಕೇಳದೆ ಗೈರು. ಅಶಿಸ್ತು ಅಂದ್ರೆ ಇದೇ," ಎಂದಿರಿ. ಸೋಮವಾರ ಅವಳ ಕಾಲು ನನ್ನ ಮೇಜಿನ ಮೇಲಿತ್ತು ಎಂದೆ.

"ನೀವು ಯಾರು? ಪೋಷಕರಾ?"

"ಅಲ್ಲ ಸರ್, ಪ್ರೇಕ್ಷಕ."

"ಪ್ರೇಕ್ಷಕರಿಗೆ ಮುಚ್ಚಿದೀವಲ್ಲ," ಎಂದು ನಕ್ಕಿರಿ. ತಾಯಿ ಸೆರಗಿನ ತುದಿಯನ್ನು ಹಿಂಡುತ್ತ ನಿಂತಿದ್ದರು. ಅವರ ಮುಂದೆ ನಕ್ಕಿರಿ.

ಆಮೇಲೆ ಬಾಗಿಲು ಮುಚ್ಚಿಕೊಂಡು ಮೂರು ಪಂದ್ಯ ಆಡಿಸಿದಿರಿ. ಮೂರನ್ನೂ ಸೋತಿರಿ. ಈಗ ಯಾರ ನಿರೀಕ್ಷೆ ಸೋಲಿಸಿತು? ಖಾಲಿ ಬೆಂಚುಗಳದ್ದೇ?

ಮೊನ್ನೆ ಆರು ವಾರ ತುಂಬಿ ಅವಳ ಪ್ಲಾಸ್ಟರ್ ಕತ್ತರಿಸಿದೆ. ಮೂಳೆ ಕೂಡಿದೆ. ವಿಶ್ರಾಂತಿ ಸಿಕ್ಕರೆ ಮುಂದಿನ ವರ್ಷ ಆಡಬಹುದು ಎಂದು ಡಾಕ್ಟರು ಹೇಳಿದರು. ಸಣಕಲಾದ ಕಾಲನ್ನು ನೆಲಕ್ಕೆ ಊರಿ ಎರಡು ಹೆಜ್ಜೆ ಇಟ್ಟವಳು, ತಿಂಗಳ ಕೊನೆಗೆ ಹಾಸ್ಟೆಲ್ ಬಿಡಬೇಕಂತೆ ಎಂದಳು. ತಂಡದಲ್ಲಿಲ್ಲದವಳಿಗೆ ಕೋಟಾದ ಸೀಟೂ ಇಲ್ಲವಂತೆ. ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. "ಬರೀರಿ ಅಂಕಲ್. ನನ್ನ ಹೆಸರು ಬೇಡ. ಆ ಹಲಗೆ ವಿಷ್ಯ ಮಾತ್ರ ಮರೀಬೇಡಿ, ಉಳಿದವ್ರು ಇನ್ನೂ ಅದ್ರ ಮೇಲೇ ಓಡ್ತಿದಾರೆ," ಎಂದಳು. ತಾಯಿಯೂ ತಲೆಯಾಡಿಸಿದರು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಆ ಕಾಗದವನ್ನು ಕಿತ್ತುಹಾಕಿ. ಅವಳ ಜಾಗ, ಸೀಟು, ಹಾಸ್ಟೆಲಿನ ಕೋಣೆ ಮೂರನ್ನೂ ಈ ತಿಂಗಳು ಮುಗಿಯುವುದರೊಳಗೆ ಬರವಣಿಗೆಯಲ್ಲಿ ಹಿಂದಿರುಗಿಸಿ. ಸೂರು ರಿಪೇರಿಯಾಗಿ, ಆ ಹಲಗೆ ಬದಲಾಗುವವರೆಗೆ ಒಂದು ಮಗುವನ್ನೂ ಅಲ್ಲಿ ಓಡಿಸಬೇಡಿ. ಪೆಟ್ಟಾದವಳು ಹೊರಗೆ ಕೂರಬೇಕು. ನಮ್ಮ ನಿರೀಕ್ಷೆ ಇಷ್ಟೇ. ಇದು ಅವಾಸ್ತವಿಕವಾದರೆ ನಿಮ್ಮ ಕುರ್ಚಿಯೂ ಅವಾಸ್ತವಿಕವೇ.

ಮುಂದಿನ ವರ್ಷ ತಂಡ ಒಂದೂ ಪಂದ್ಯ ಗೆಲ್ಲದಿದ್ದರೂ ನಾನು ಬಂದು ಕೂರುತ್ತೇನೆ. ಆದರೆ ಆ ಹುಡುಗಿಯನ್ನು ಬೀದಿಗೆ ಬಿಟ್ಟು ನೀವು ಕಪ್ ಗೆದ್ದು ತಂದರೆ, ಮೆರವಣಿಗೆ ನಮ್ಮ ಆಸ್ಪತ್ರೆಯ ಮುಂದೆ ಹಾಯುವಾಗ ಪ್ಲಾಸ್ಟರ್ ಕೋಣೆಯ ಕಿಟಕಿಯನ್ನು ನಾನೇ ಎದ್ದು ಮುಚ್ಚುತ್ತೇನೆ.

ಇಂತಿ,
ಕೂಗಿದ ಮೇಲೆ ಕಣ್ಣು ತೆರೆದ
ಮೂರನೇ ಸಾಲಿನ ಒಬ್ಬ ಅಭಿಮಾನಿ