ನಮ್ಮ ಓಣಿಯ ಗೆರೆ

ನನ್ನ ಮಗಳ ನಕ್ಷೆಯ ಜೊತೆಗಾರರಿಗೆ,

ಎಲ್ಲರೂ ಸೇರಿ ಬರೆಯುವ ಅಂತರ್ಜಾಲ ನಕ್ಷೆಗಾಗಿ ಅವಳು ಮೂರು ವರ್ಷ ನಿಮ್ಮೊಂದಿಗೆ ಊರೆಲ್ಲ ಸುತ್ತಿದಳು. "ಅಪ್ಪನ ಹತ್ರ ಬಾಯಿ ಬಿಟ್ರೆ ಚರ್ಚಾಸ್ಪರ್ಧೆನೇ ಶುರು" ಎಂದು ನಗುತ್ತಿದ್ದಳೆಂದು ಅವಳು ತೀರಿಕೊಂಡ ದಿನ ನಮ್ಮ ಮನೆಯಲ್ಲಿ ನೀವೇ ಹೇಳಿದಿರಿ. ಆ ನಗುವನ್ನು ನಾನು ಕೇಳಿದವನಲ್ಲ. ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚಿದೆ, ಅಲ್ಲಗಳೆಯುವುದಿಲ್ಲ.

ತಮ್ಮ ತಮ್ಮ ಓಣಿಯನ್ನು ಕೊನೆಗೆ ಬರೆಯುವುದು ನಿಮ್ಮ ಗುಂಪಿನ ವಾಡಿಕೆಯೆಂದು ತಿಳಿಯಿತು. ಅವಳಿಗೆ ಆ ಸರದಿ ಬರಲಿಲ್ಲ. ಮೊನ್ನೆ ನಮ್ಮ ಓಣಿಯ ಗೆರೆಯನ್ನು ನೀವು ನಿಮ್ಮ ಹೆಸರಿನ ಖಾತೆಯಿಂದ ಎಳೆದಿದ್ದೀರಿ. ನಿಖರವಾಗಿದೆ, ಒಪ್ಪುತ್ತೇನೆ; ಆದರೂ ಅಳಿಸಿ. ಅವಳು ಉಳಿಸಿಹೋದ ಕೆಲಸಕ್ಕೆ ವಾರಸುದಾರ ನಾನು.

ಭಾನುವಾರ ಹತ್ತಕ್ಕೆ ಬಂದು ಆ ಗೆರೆ ಎಳೆಯುವುದನ್ನು ನನಗೆ ಕಲಿಸಿ. ಮೊದಲು ಓಣಿಯನ್ನು ನಡೆದು ನೋಡಬೇಕಂತೆ. ಅವಳ ವೇಗದಲ್ಲೇ ನಡೆಯಿರಿ. ನಾನು ಹಿಂದೆ ಬರುತ್ತೇನೆ.

ಇತಿ,
ಅವಳ ತಂದೆ