ಸುಮ್ಮನಿದ್ದರೆ ಪಾಸು

ಮಾರ್ಚ್ 4, ಬೆಳಿಗ್ಗೆ 5:50

ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ. ಹೊಸದಾಗಿ ಎರಡು ಹತ್ತಿ ಉಂಡೆ ಮಾಡಿಟ್ಟುಕೊಂಡೆ. ನಿನ್ನೆಯವು ಕೋಟಿನ ಜೇಬಿನಲ್ಲೇ ಉಳಿದು ವಾಷಿಂಗ್ ಮೆಷಿನ್‌ಗೆ ಹೋದವು. ಹಾರ್ನಿಗೂ ಎಂಜಿನ್ನಿಗೂ ಕಿವಿ ಕೊಟ್ಟುಬಿಟ್ಟರೆ ಕೆಲಸಕ್ಕೆ ಉಳಿಯುವುದೇನು? ಮೈದುನ ಇವತ್ತೂ ಬಿಡಲಿಲ್ಲ. "ಅತ್ತಿಗೆ, ಕಿವಿಗೆ ಇನ್ಶೂರೆನ್ಸ್ ಮಾಡ್ಸಿದೀರಾ?" ಮಾಡಿಸಬೇಕು. ಹತ್ತೊಂಬತ್ತು ವರ್ಷದಿಂದ ಈ ಮನೆಯ ಅರ್ಧ ಅನ್ನ ಈ ಕಿವಿಯದ್ದೇ.

ಮೈದುನನ ಹೆಂಡತಿ ಇನ್ನೂ ತಲೆ ಬಾಚುತ್ತಿದ್ದಾಳೆ. ಒಂದೇ ಮನೆ, ಒಂದೇ ಒಲೆ, ಒಂದೇ ಬಸ್ಸು, ಒಂದೇ ಕ್ಯಾಮೆರಾ ಫ್ಯಾಕ್ಟರಿ. ಓರಗಿತ್ತಿ ಅಂದರೆ ಇನ್ನೆಷ್ಟು ಹತ್ತಿರ ಇರಬೇಕು!

ಸಂಜೆ 7

ನಲವತ್ತೊಂದು ಕ್ಯಾಮೆರಾ. ಎರಡು ಫೇಲು.

ಹೊಸ ಸೇಫ್ಟಿ ಆಫೀಸರ್ ನಮ್ಮ ಕೇಳುವ ಕೋಣೆಗೆ ಬಂದಿದ್ದ. "ಇಲ್ಲಿ ಏನ್ ಮಾಡ್ತೀರಿ?" ಕೇಳ್ತೀನಿ ಅಂದೆ. ನಂಬಲಿಲ್ಲ. ಒಂದು ಕ್ಯಾಮೆರಾ ಎತ್ತಿ ಬಟನ್ ಒತ್ತಿ ತೋರಿಸಿದೆ. ಒಳಗಿನ ಕನ್ನಡಿ ಮೇಲೆ ಹಾರಿ ಕೆಳಗೆ ಬೀಳುವ ಸದ್ದು. ಬಿದ್ದ ಮೇಲೆ ಕೂದಲೆಳೆಯಷ್ಟು ನಡುಗಿದರೂ ನನಗೆ ಗೊತ್ತಾಗುತ್ತದೆ. ಆಗ ಕೈಯಲ್ಲಿರುವ ಹೆಕ್ಸ್ ಕೀಯಿಂದ, ಸ್ಕ್ರೂ ಬಿಗಿಸುವ ಆ ಪುಟ್ಟ ಕಬ್ಬಿಣದ ಕಡ್ಡಿಯಿಂದ, ಮೇಜನ್ನು ಒಂದು ಸಲ ತಟ್ಟುತ್ತೇನೆ. ಫೇಲು.

"ಸರಿ ಇದ್ರೆ ಏನಂತೀರಿ?"

"ಏನೂ ಅನ್ನಲ್ಲ."

ಸೂಪರ್‌ವೈಸರ್ ಬಾಯಿ ಹಾಕಿದರು. "ಮೌನಂ ಸಮ್ಮತಿ ಲಕ್ಷಣಂ ಸಾರ್. ಸುಮ್ಮನಿದ್ರೆ ಪಾಸು." ಎಲ್ಲರೂ ನಕ್ಕರು. ಓರಗಿತ್ತಿ ಮಾತ್ರ ತಲೆ ಎತ್ತಲಿಲ್ಲ. ಪಕ್ಕದಲ್ಲಿ ಕೂತು ಪಟ್ಟಿ ತುಂಬುವುದು ಅವಳ ಕೆಲಸ. ನನ್ನ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ. ಕೈ ಅಲ್ಲಾಡದಿದ್ದರೆ ಟಿಕ್. ಆರು ವರ್ಷದ ಹಿಂದೆ ನಾನೇ ಹೇಳಿ ಸೇರಿಸಿದ್ದು, ನಾನೇ ಕಲಿಸಿದ್ದು. ಕಿವಿ ಪರವಾಗಿಲ್ಲ ಅವಳದ್ದು. ನನ್ನಷ್ಟಿಲ್ಲ.

ಮಾರ್ಚ್ 11

ಕ್ಯಾಂಟೀನಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಹೇಳಿದರು. ಮ್ಯಾನೇಜರ್‌ಗೆ ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುವ ಕೆಲಸ. ನೆಗಡಿಯೋ ದುಃಖವೋ, ಗೊತ್ತಾಗಲಿಲ್ಲ.

"ಕನ್ನಡಿ ಇರೋ ಕ್ಯಾಮೆರಾನ ಯಾರೂ ಕೇಳ್ತಿಲ್ಲ. ಮದುವೆ, ಮ್ಯಾಚು, ನ್ಯೂಸು... ದೊಡ್ಡ ದೊಡ್ಡ ಫೋಟೋಗ್ರಾಫರ್‌ಗಳೆಲ್ಲ ಕನ್ನಡಿ ಇಲ್ದಿರೋ ಮಿರರ್‌ಲೆಸ್‌ಗೆ ಹೋದ್ರು. ಬೇರೆ ಕಂಪನಿಗಳು ಯಾವತ್ತೋ ಹೋದ್ವು. ನಾವೇ ತಡ."

ಜೂನ್ ಮೊದಲ ವಾರಕ್ಕೆ ನಮ್ಮ ಲೈನ್ ಬಂದ್. ಕಾರಿಡಾರಿನ ಆಚೆ, ಗಾಜಿನ ಗೋಡೆಯ ಹಿಂದೆ ಹೊಸ ಲೈನ್. ಅಲ್ಲಿ ಕೊನೆಯ ಟೆಸ್ಟಿಂಗ್‌ಗೆ ಲೀಡ್ ಯಾರು? ನನ್ನ ಓರಗಿತ್ತಿ.

ನನಗೆ ಪ್ಯಾಕಿಂಗ್. "ನಿಮ್ಮ ಕೈ ನಯ, ಅಲ್ಲಿ ಬೇಕಾಗುತ್ತೆ" ಅಂತ ಸಮಾಧಾನ ಬೇರೆ. ಡಬ್ಬಕ್ಕೆ ಟೇಪ್ ಅಂಟಿಸಲು ನಯವಾದ ಕೈ!

ಅವಳು ಓಡಿ ಬಂದು ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ನಿಮ್ಮಿಂದಾನೇ ಇದು." ನಕ್ಕೆ. ಇಡೀ ದಿನ ನಕ್ಕೆ. ಈಗ ದವಡೆ ನೋಯುತ್ತಿದೆ. ಹೆಕ್ಸ್ ಕೀ ಯಾವ ತುದಿಯಲ್ಲಿ ಹಿಡಿಯಬೇಕೆಂದೂ ಗೊತ್ತಿಲ್ಲದೆ ಬಂದವಳು. ಗುರುವಿಗೇ ತಿರುಮಂತ್ರ.

ಮಾರ್ಚ್ 12

ಅತ್ತೆ ಬೆಳಿಗ್ಗೆಯಿಂದ ಫೋನು ಕೆಳಗಿಟ್ಟಿಲ್ಲ. "ನಮ್ಮ ಚಿಕ್ಕ ಸೊಸೆ ಲೀಡ್ ಆದ್ಲು!" ಏಳು ಸಲ ಎಣಿಸಿದೆ. ಲೀಡ್ ಅಂದರೇನೆಂದು ಅತ್ತೆಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಏಳು ಸಲ. ನನಗೆ ಹತ್ತು ವರ್ಷದ ಸರ್ಟಿಫಿಕೇಟ್ ಬಂದಾಗ "ಅದನ್ನ ಎಲ್ಲಿಡ್ತೀಯಾ, ಗೋಡೇಲಿ ಜಾಗ ಇಲ್ಲ" ಅಂದಿದ್ದರು.

ನಮ್ಮ ಯಜಮಾನರು ಹೇಳಿದರು — "ಮನೆಯವಳೇ ಅಲ್ವಾ, ಖುಷಿ ಪಡು." ಪಡುತ್ತೇನೆ. ನಾಳೆಯಿಂದ.

ಹೊಟ್ಟೆಕಿಚ್ಚು ಇದು. ಬೇರೆ ಹೆಸರು ಯಾಕೆ ಹುಡುಕಲಿ? ಬೇರೆಯವರಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಾನು ಕಲಿಸಿದವಳು, ನಾನು ತೊಳೆದಿಟ್ಟ ತಟ್ಟೆಯಲ್ಲಿ ಉಣ್ಣುವವಳು. ಅದಕ್ಕೇ ಉರಿ.

ಏಪ್ರಿಲ್ 2

ಅವಳಿಗೆ ಬಿಳಿ ಕೋಟು ಬಂತು. ನಮ್ಮದು ಬೂದು. ಒಂದೇ ಹಗ್ಗಕ್ಕೆ ಎರಡನ್ನೂ ಒಣಹಾಕಿದ್ದಾಳೆ.

ಊಟದ ಹೊತ್ತಿಗೆ ಅತ್ತೆ, "ಕನ್ನಡಿ ಇಲ್ದೆ ಅದ್ರಲ್ಲಿ ಕಾಣೋದು ಹೇಗೆ?" ಸಾಕು, ಅವಳ ಪಾಠ ಶುರು.

"ಒಳಗೆ ಬಿದ್ದ ಬೆಳಕನ್ನೇ ನೇರವಾಗಿ ಪುಟ್ಟ ಸ್ಕ್ರೀನಲ್ಲಿ ತೋರಿಸುತ್ತೆ ಅತ್ತೆ. ಎದುರಿರೋರ ಕಣ್ಣು ಎಲ್ಲಿದೆ ಅಂತ ತಾನೇ ಹುಡುಕಿ ಫೋಕಸ್ ಮಾಡುತ್ತೆ. ಹಕ್ಕಿ ಕಣ್ಣಾದ್ರೂ ಸರಿ."

"ಅಯ್ಯೋ, ಹಾಗಾದ್ರೆ ಫೋಟೋ ತೆಗೆಯೋನಿಗೆ ಕೆಲಸ ಏನು?" ಅಂದೆ.

ಅವಳು ನಕ್ಕಳು. ಹಾಸ್ಯಕ್ಕೆ ಅಂದದ್ದು ಎಂದುಕೊಂಡಳು. ಇವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಏಪ್ರಿಲ್ 23, ಮಧ್ಯಾಹ್ನ 1:15, ಕ್ಯಾಂಟೀನ್

ಕೈ ಇನ್ನೂ ಬಿಸಿಯಾಗಿದೆ. ಬರೆದುಬಿಡಬೇಕು.

ಹತ್ತು ಗಂಟೆಗೆ ಓರಗಿತ್ತಿ ಬಂದಳು. "ಅಕ್ಕಾ, ಒಂದ್ನಿಮಿಷ ಬನ್ನಿ. ನಮ್ಮ ಮೊದಲ ಬ್ಯಾಚು. ಪಕ್ಕದಲ್ಲಿ ನಿಂತ್ಕೊಳ್ಳಿ, ಅಷ್ಟೇ ಸಾಕು." ಮೆರೆಯುವುದನ್ನು ನೋಡಲು ಒಬ್ಬರು ಬೇಕಲ್ಲ. ಹೋದೆ.

ಅಲ್ಲಿ ಯಂತ್ರವೇ ಬಟನ್ ಒತ್ತುತ್ತದೆ. ಹತ್ತು ಸಲ. ಹಸಿರು ದೀಪ. ಪಾಸು. ಎಲ್ಲರೂ ಸ್ಕ್ರೀನ್ ನೋಡುತ್ತಾರೆ, ಕ್ಯಾಮೆರಾ ಕಡೆ ಯಾರೂ ನೋಡುವುದಿಲ್ಲ. ಅವಳು ಹಸಿರು ಬಂದ ಒಂದು ಕ್ಯಾಮೆರಾ ಕೈಗೆತ್ತಿಕೊಂಡು, ನನ್ನ ಹತ್ತಿರ ತಂದು, ಬಟನ್ ಒತ್ತಿ ಹಿಡಿದಳು. ಒಂದೇ ಸಮನೆ ನಲವತ್ತು.

ಕನ್ನಡಿ ಇಲ್ಲ, ಅದರ ಗದ್ದಲವೂ ಇಲ್ಲ. ಬೆಳಕಿಗೆ ತೆರೆದು ಮುಚ್ಚುವ ಶಟರ್ ಪರದೆಗಳ ಸದ್ದಷ್ಟೇ. ಮೂವತ್ತು ದಾಟಿದ ಮೇಲೆ ಬಂತು. ಪರದೆ ಮುಚ್ಚಿದ ಮೇಲೆ ಇನ್ನೊಂದು ಸಣ್ಣ ಸದ್ದು. ಉಗುರಿಗೆ ಉಗುರು ತಾಗಿಸಿದಷ್ಟು. ಪರದೆ ಮುಚ್ಚಿ, ಪುಟಿದು, ಮತ್ತೆ ಮುಚ್ಚುತ್ತಿದೆ. ಅದನ್ನು ತಡೆದು ನಿಲ್ಲಿಸುವ ರಬ್ಬರು ಬಿಸಿಗೆ ಮೆತ್ತಗಾಗುತ್ತಿರಬೇಕು. ಆ ಸಂದಿಯಲ್ಲಿ ಬೆಳಕು ನುಗ್ಗುತ್ತದೆ. ಫೋಟೋದಲ್ಲಿ ಬಿಳಿ ಗೆರೆ ಬೀಳುತ್ತದೆ. ಹತ್ತಕ್ಕೇ ನಿಲ್ಲಿಸುವ ಯಂತ್ರಕ್ಕೆ ಇದು ಹೇಗೆ ಗೊತ್ತಾಗಬೇಕು?

ಕೈ ಮೇಜಿನ ಮೇಲಿತ್ತು. ಹೆಕ್ಸ್ ಕೀ ಬೆರಳ ಸಂದಿಯಲ್ಲೇ ಇತ್ತು.

ಅಲ್ಲಾಡಿಸಲಿಲ್ಲ.

ಅವಳು ಅಷ್ಟು ಹೊತ್ತೂ ನನ್ನ ಕೈಯನ್ನೇ ನೋಡುತ್ತಿದ್ದಳು. ಗ್ರೀಸು ಕೂತ ಉಗುರು. ಅವರ ಕಡೆ ಎಲ್ಲರಿಗೂ ಗ್ಲೌಸು. ನೋಡಲಿ, ನಾಚಿಕೆ ಏನಿಲ್ಲ. ಇನ್ನೊಂದು ಕ್ಯಾಮೆರಾ ತಂದಳು, ಮತ್ತೊಂದು ತಂದಳು. ಮೂರರಲ್ಲೂ ಅದೇ ಸದ್ದು. ಮೂರು ಸಲವೂ ಕಲ್ಲಿನಂತೆ ನಿಂತೆ. ಕೊನೆಗೆ ಉಸಿರು ಬಿಟ್ಟು, "ಥ್ಯಾಂಕ್ಸ್ ಅಕ್ಕಾ" ಅಂದಳು.

ಯಾಕೆ ಥ್ಯಾಂಕ್ಸ್? ನಾನೇನೂ ಹೇಳಲೇ ಇಲ್ಲ.

ಏಪ್ರಿಲ್ 24

ಯಾರೂ ನನ್ನ ಅಭಿಪ್ರಾಯ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಏಪ್ರಿಲ್ 27

ಹೇಳುತ್ತಿದ್ದೆನೇ?

ಏಪ್ರಿಲ್ 30

ಇನ್ನೂರ ಅರವತ್ತು ಕ್ಯಾಮೆರಾ ಇವತ್ತು ಲಾರಿ ಹತ್ತಿದವು. ಪ್ರಯೋಗಕ್ಕೆಂದು ಫೋಟೋಗ್ರಾಫರ್‌ಗಳ ಕೈಗೆ. ಬೆಳಿಗ್ಗೆ ಬಸ್ಸಿನಲ್ಲಿ ಅವಳು ಪಕ್ಕದಲ್ಲೇ ಕೂತಿದ್ದಳು. ಆಗಲೂ ಹೇಳಬಹುದಿತ್ತು. ಏನೋ ಕೇಳಿದಳು ಕೂಡ. ನಾನು ಕಿವಿಯ ಹತ್ತಿ ತೋರಿಸಿ ಕಿಟಕಿ ಕಡೆ ತಿರುಗಿದೆ. ಹತ್ತಿ ಇದ್ದರೂ ಎಲ್ಲ ಕೇಳಿಸುತ್ತದೆ ನನಗೆ. "ನಿದ್ದೆ ಬಂತಾ ಅಕ್ಕಾ?" ಅಂತ ಕೇಳಿದ್ದು.

ಜೂನ್ 5

ಒಂದು ತಿಂಗಳಿನ ಮೇಲಾಯಿತು ಇದನ್ನು ತೆರೆದು.

ಕನ್ನಡಿ ಇರುವ ಕೊನೆಯ ಕ್ಯಾಮೆರಾ ಇವತ್ತು ನನ್ನ ಮೇಜಿಗೆ ಬಂತು. ಒತ್ತಿದೆ. ಒಳ್ಳೆಯ ಸದ್ದು. ತುಂಬಿದ ಪುಸ್ತಕ ಮುಚ್ಚಿದ ಹಾಗೆ. ಇನ್ನೊಮ್ಮೆ ಒತ್ತಿದೆ, ಸುಮ್ಮನೆ, ನನಗೋಸ್ಕರ. ಪಾಸು. ಸೂಪರ್‌ವೈಸರ್ ಕೇಕ್ ತರಿಸಿದ್ದರು. ಅರ್ಧ ಜನ ಆಗಲೇ ಬೇರೆ ಕಡೆ ಹೋಗಿದ್ದಾರೆ, ಕೇಕು ಉಳಿಯಿತು.

ನಾಳೆಯಿಂದ ಟೇಪು, ಡಬ್ಬ.

ಜೂನ್ 12

ಕ್ಯಾಮೆರಾಗಳು ವಾಪಸ್ ಬರುತ್ತಿವೆ. ಫೋಟೋಗಳೂ ಬಂದಿವೆ, ಕಾರಿಡಾರಿನ ಬೋರ್ಡಿಗೆ ಅಂಟಿಸಿದ್ದಾರೆ. ಯಾವನೋ ಆಟಗಾರ ಗೋಲು ಹೊಡೆದು ಬಾಯಿ ತೆರೆದು ಕೂಗುತ್ತಿದ್ದಾನೆ. ಅವನ ನೆತ್ತಿಯ ಮೇಲೆ ಬಿಳಿ ಗೆರೆ. ಮದುವೆ ಹೆಣ್ಣೊಬ್ಬಳ ಹಣೆಯ ಮೇಲೂ ಅದೇ ಗೆರೆ.

ಸಂತೋಷವಾಯಿತು. ಸುಳ್ಳು ಯಾಕೆ ಬರೆಯಲಿ? ಬೋರ್ಡಿನ ಮುಂದೆ ನಿಂತಾಗ ಮೈಯೆಲ್ಲ ಹಗುರ. ಪ್ಯಾಕಿಂಗ್ ರೂಮಿನ ತನಕ ಇತ್ತು ಆ ಸಂತೋಷ. ಅಲ್ಲಿ ಕಿಟಕಿಯಿಂದ ಅವಳು ಕಂಡಳು. ಬಿಳಿ ಕೋಟಿನಲ್ಲಿ, ಮ್ಯಾನೇಜರ್ ಮುಂದೆ, ತಲೆ ತಗ್ಗಿಸಿ. ಟೇಪಿನ ತುದಿ ಹುಡುಕುವ ನೆಪದಲ್ಲಿ ಕಿಟಕಿಗೆ ಬೆನ್ನು ಹಾಕಿದೆ.

ಮನೆಯಲ್ಲಿ ಅವಳು ಊಟಕ್ಕೆ ಬರಲಿಲ್ಲ. ಅತ್ತೆ, "ಯಾರ ಕಣ್ಣು ಬಿತ್ತೋ ನಮ್ಮ ಹುಡುಗಿ ಮೇಲೆ" ಅಂದರು.

"ನಾನೇನ್ ಮಾಡ್ದೆ?" ಅಂದುಬಿಟ್ಟೆ.

ಎಲ್ಲರೂ ನನ್ನ ಮುಖ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಜೂನ್ 18

ಮ್ಯಾನೇಜರ್ ಕರೆಸಿದ್ದರು. ವಾಪಸ್ ಬಂದ ಕ್ಯಾಮೆರಾ ಒಂದನ್ನು ಮುಂದಿಟ್ಟರು. "ಇದರಲ್ಲೇನಾದ್ರೂ ಕೇಳಿಸುತ್ತಾ ನೋಡಿ." ಒತ್ತಿ ಹಿಡಿದೆ. ಮೂವತ್ತರ ಮೇಲೆ ಬಂತು. ಮೇಜು ತಟ್ಟಿದೆ. ಪರದೆ ಪುಟೀತಿದೆ, ರಬ್ಬರ್ ನೋಡಿಸಿ, ಅಂದೆ.

ಅವರು ಕುರ್ಚಿಗೆ ಒರಗಿದರು. "ಮೂರು ಜನ ಇಂಜಿನಿಯರ್‌ಗಳು, ನಾಲ್ಕು ದಿನ ಹಿಡೀತು ಇದಕ್ಕೆ. ನೀವು ಒಂದ್ನಿಮಿಷ. ಛೆ, ಟೆಸ್ಟಿಂಗಲ್ಲಿ ನೀವಿದ್ದಿದ್ರೆ ಇದು ಆಗ್ತಾನೇ ಇರ್ಲಿಲ್ಲ."

ನಾನಿದ್ದೆ. ಅವರಿಗೆ ಗೊತ್ತಿಲ್ಲ. ಓರಗಿತ್ತಿ ಹೇಳಿಲ್ಲ.

ಸೋಮವಾರ ಹತ್ತು ಗಂಟೆಗೆ ತೀರ್ಮಾನ. ಅವಳನ್ನು ಪ್ಯಾಕಿಂಗಿಗೆ ಹಾಕಿ ಆ ಸೀಟು ನನಗೆ ಕೊಡುತ್ತಾರಂತೆ. ಬಿಳಿ ಕೋಟಿನ ಅಳತೆ ಬರೆಸಿಕೊಂಡು ಹೋಗಿ ಅಂದರು. ಬರೆಸಿದೆ. ಮೂರು ತಿಂಗಳು ಯಾವುದಕ್ಕೆ ಉರಿದೆನೋ ಅದು ತಾನಾಗಿ ಮಡಿಲಿಗೆ ಬಿತ್ತು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತೆ.

ಜೂನ್ 21, ಸಂಜೆ 6:30

ತಾರಸಿಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದೆವು. ಬೆಡ್‌ಶೀಟಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಮಾತು ಅವಳೇ ಶುರು ಮಾಡಿದಳು.

"ಅವತ್ತು ನನಗೂ ಕೇಳಿಸ್ತು ಅಕ್ಕಾ."

"ಏನು?"

"ಕೊನೇಲಿ ಬರ್ತಿತ್ತಲ್ಲ, ಆ ಸಣ್ಣ ಸದ್ದು. ಅನುಮಾನ ಬಂತು. ಅದಕ್ಕೇ ನಿಮ್ಮನ್ನ ಕರ್ದಿದ್ದು."

"ಅನುಮಾನ ಇದ್ರೆ ಯಾಕೆ ಪಾಸ್ ಮಾಡ್ದೆ?"

"ನಿಮ್ಮ ಕೈ ಅಲ್ಲಾಡ್ಲಿಲ್ವಲ್ಲ."

ಬೆಡ್‌ಶೀಟು ನನ್ನ ಕೈಯಿಂದ ಜಾರಿತು. ಅವಳೇ ಎತ್ತಿ ಕೊಡವಿದಳು.

"ಮೂರು ಕ್ಯಾಮೆರಾ ತಂದೆ. ಮೂರು ಸಲಾನೂ ಅಲ್ಲಾಡ್ಲಿಲ್ಲ. ಸರಿ, ನನ್ನ ಕಿವಿದೇ ತಪ್ಪು ಅಂದ್ಕೊಂಡೆ."

"ಅದನ್ನ ಮ್ಯಾನೇಜರ್‌ಗೆ ಹೇಳ್ಬೇಕಿತ್ತು ತಾನೇ?"

"ಹೇಗೆ ಹೇಳ್ಲಿ? ಅಕ್ಕನ ಕಿವಿ ಹೋಯ್ತು ಅಂತ ಊರೆಲ್ಲ ಆಡ್ಕೊಳ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಒಂದಿನ ತಪ್ಪಿದ್ದಕ್ಕೆ. ನೆಗಡಿ ಗಿಗಡಿ ಇತ್ತೋ ಏನೋ ನಿಮಗೆ. ನಂಗೆ ನಿಜವಾಗ್ಲೂ ಹೆದರಿಕೆ ಆಗಿತ್ತು. ಮೊನ್ನೆ ಮ್ಯಾನೇಜರ್ ಮುಂದೆ ಒಂದೇ ಸಲಕ್ಕೆ ಹಿಡಿದ್ರಂತೆ ಅಂತ ಗೊತ್ತಾದ್ಮೇಲೆ ಸಮಾಧಾನ ಆಯ್ತು. ಕಿವಿ ಚೆನ್ನಾಗೇ ಇದೆ ನಿಮ್ದು." ಮಡಚಿದ್ದನ್ನು ನನ್ನ ತೋಳಿಗೆ ಹಾಕಿದಳು. "ಸೀಟು ನಿಮಗೇ ಬರ್ಲಿ ಅಕ್ಕಾ. ನಂಗಿನ್ನೂ ವಯಸ್ಸಿದೆ, ಪ್ಯಾಕಿಂಗ್ ಮಾಡ್ತೀನಿ."

ಕೆಳಗಿಳಿದು ಹೋದಳು. ನಾನು ಹಗ್ಗದ ಕೆಳಗೆ ನಿಂತೇ ಇದ್ದೆ.

ನನಗೆ ಕೇಳಿಸಿಲ್ಲ ಎಂದು ನಂಬಿದ್ದಾಳೆ. ಕೇಳಿಸಿಯೂ ಸುಮ್ಮನಿರುತ್ತೇನೆ ಎಂದು ಅವಳಿಗೆ ಹೊಳೆದೇ ಇಲ್ಲ. ಬೈದಿದ್ದರೆ ಜಗಳ ಆಡಬಹುದಿತ್ತು. ಜಗಳ ನನಗೆ ಬರುತ್ತದೆ. ಇದಕ್ಕೆ ಏನು ಹೇಳಬೇಕು?

ಜೂನ್ 23

ಹೊಸ ಬಿಳಿ ಕೋಟು ನಿನ್ನೆಯೇ ಕೊಟ್ಟರು. ಸರಿಯಾಗಿ ಹಿಡಿಯುತ್ತದೆ. ತೋಳು ಕೂಡ. ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು ಬಿಚ್ಚಿಟ್ಟೆ.

ಒಂದು ದಾರಿ ಇದೆ. ಅವತ್ತು ನಾನೂ ಇದ್ದೆ, ನೆಗಡಿಯಿತ್ತು, ಕೇಳಿಸಲಿಲ್ಲ ಅಂದರೆ ಮುಗಿಯಿತು. ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ಅವಳ ಸೀಟೂ ಉಳಿಯಬಹುದು. ನನ್ನ ಮರ್ಯಾದೆ ಅರ್ಧ ಉಳಿಯುತ್ತದೆ.

ಆದರೆ ಅದೂ ಅವಳೇ ಹೆಣೆದುಕೊಟ್ಟ ಸುಳ್ಳು. ಅದನ್ನೂ ಅವಳಿಂದಲೇ ತೆಗೆದುಕೊಳ್ಳಬೇಕೇ?

ಜೂನ್ 24, ಬೆಳಿಗ್ಗೆ 9:50, ಮೀಟಿಂಗ್ ರೂಮಿನ ಹೊರಗೆ

ಬೂದು ಕೋಟಿನಲ್ಲೇ ಬಂದೆ. ಬಸ್ಸಿನಲ್ಲಿ ಹತ್ತಿ ಹಾಕಿಕೊಳ್ಳಲಿಲ್ಲ. ಹಾರ್ನು, ಎಂಜಿನ್ನು, ಪಕ್ಕದಲ್ಲಿ ಅವಳು ಗುನುಗುತ್ತಿದ್ದ ಹಾಡು, ಎಲ್ಲ ಕೇಳಿಸಿಕೊಂಡೇ ಬಂದೆ.

ಅವಳು ಒಳಗಿದ್ದಾಳೆ. ಗಾಜಿನಾಚೆ ಕಾಣುತ್ತಾಳೆ, ಮಾತು ಕೇಳಿಸುವುದಿಲ್ಲ. ತುಟಿ ಮಾತ್ರ. "ತಪ್ಪು ನಂದೇ ಸಾರ್" ಅನ್ನುತ್ತಿದ್ದಾಳೆ. ಅದಕ್ಕೆ ಕಿವಿ ಬೇಕಾಗಿಲ್ಲ. ಮ್ಯಾನೇಜರ್ ಏನೋ ಬರೆದುಕೊಳ್ಳುತ್ತಿದ್ದಾರೆ.

ನನ್ನನ್ನು ಹತ್ತಕ್ಕೆ ಕರೆಯುತ್ತಾರಂತೆ. ಹತ್ತರ ತನಕ ಸುಮ್ಮನಿದ್ದರೆ ಅದೂ ಒಂದು ಪಾಸು.

ಹೆಕ್ಸ್ ಕೀ ಜೇಬಿನಲ್ಲಿದೆ. ಬಾಗಿಲು ತಟ್ಟುವುದಿಲ್ಲ. ನೇರ ಒಳಗೆ ಹೋಗಿ, ಅವಳಿಗೆ ಕಾಣುವ ಹಾಗೆ, ಮೇಜನ್ನು ಒಂದು ಸಲ ತಟ್ಟುತ್ತೇನೆ. ಆಮೇಲೆ, ಅವತ್ತೇ ಕೇಳಿಸಿತ್ತು ಅನ್ನುತ್ತೇನೆ.