ಒಣಹಳ್ಳಕ್ಕೆ ನೀರು ಬಂದ ದಿನ

ಕ್ಯಾನಬ್, ಯೂಟಾ
ಆಗಸ್ಟ್ ೧೧

ಪ್ರೀತಿಯ ಜೋಲೀನ್ ಅಕ್ಕಾ,

ನಿನ್ನ ಎರಡು ಪತ್ರಗಳಿಗೂ ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ. ಬೈಯಿ, ಆದರೆ ಇದನ್ನು ಓದಿದ ಮೇಲೆ. ಮೊಣಕೈಗೆ ಹೊಲಿಗೆ ಬಿದ್ದಿದೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ನಾವು ಮೂವರೂ ಕ್ಷೇಮ.

ಮದುವೆಯಾದ ಮೇಲೆ ಇದೇ ನಮ್ಮ ಮೊದಲ ಪ್ರವಾಸ. ತನ್ನ ಮಗಳು ಟೆಸ್ ನನಗೆ ಹೊಂದಿಕೊಳ್ಳಲಿ ಎಂದು ಡಾರೆಲ್‌ನ ಆಸೆ. ತಾಯಿಯನ್ನು ಕಳೆದುಕೊಂಡ ಒಂಬತ್ತು ವರ್ಷದ ಹುಡುಗಿ. ಹಿಂದಿನ ಸೀಟಿನಲ್ಲಿ ಕೂತು ಕೆಂಪು ಬಂಡೆಗಳನ್ನೇ ನೋಡುತ್ತಿದ್ದಳು. ಸ್ಯಾಂಡ್‌ವಿಚ್ ಕೊಟ್ಟಾಗ "ಥ್ಯಾಂಕ್ಸ್, ವರ್ನಾ" ಅಂದದ್ದು ಬಿಟ್ಟರೆ ಮಾತೇ ಇಲ್ಲ.

ಎಸ್ಕಲಾಂಟೆ ಕಡೆಯ ಮಣ್ಣುದಾರಿ ಒಂದು ಒಣಹಳ್ಳವನ್ನು ದಾಟುತ್ತದೆ. ಸರಿಯಾಗಿ ಅದರ ಮಧ್ಯದಲ್ಲಿ ನಮ್ಮ ಟ್ರಕ್ಕು ಮರಳಲ್ಲಿ ಹೂತುಕೊಂಡಿತು. ದೂರದ ಬೆಟ್ಟದ ಮೇಲೆ ಆಕಾಶ ಕಪ್ಪಾಗಿತ್ತು; ಅಲ್ಲಿ ಮಳೆ ಸುರಿದರೆ ನೀರೆಲ್ಲ ಈ ಹಳ್ಳಕ್ಕೇ ನುಗ್ಗುತ್ತದೆ.

"ಡಾರೆಲ್, ಮೊದಲು ಮಗೂನ ಇಳಿಸೋಣ," ಅಂದೆ.

"ಇಲ್ಲಿ ನೆತ್ತಿ ಸುಡ್ತಿದೆ, ನಿನಗೆ ಮಳೆ ಭಯ! ಸುಮ್ನೆ ಕೂತಿರು, ಚಕ್ರಕ್ಕೆ ಕೊಡೋಕೆ ಕಲ್ಲು ತರ್ತೀನಿ," ಎಂದು ನಗುತ್ತ ಆಚೆ ದಡ ಹತ್ತಿದ.

ಮೊದಲು ಬಂದದ್ದು ಸದ್ದು, ಅಕ್ಕಾ. ಗೂಡ್ಸ್ ರೈಲು ಬಂದಂತೆ. ಆಮೇಲೆ ತಿರುವಿನಲ್ಲಿ ಕೆಂಪು ಕೆಸರು, ಉರುಳುವ ಮರದ ಬೊಡ್ಡೆಗಳು. ಡಾರೆಲ್ ದಡದಲ್ಲಿ ಕಿರುಚುತ್ತಿದ್ದ. ಇಳಿದು ಬರಲು ಹೊತ್ತಿರಲಿಲ್ಲ.

ಟೆಸ್ ಸೀಟನ್ನು ಅವುಚಿಕೊಂಡುಬಿಟ್ಟಿದ್ದಳು. "ಅಪ್ಪ ಬರ್ಲಿ! ನಾನು ನಿಮ್ ಜೊತೆ ಬರಲ್ಲ!"

"ಅಪ್ಪಂಗೆ ಬರೋಕಾಗಲ್ಲ ಪುಟ್ಟಾ. ನನ್ನ ಮೇಲೆ ಆಮೇಲೆ ಸಿಟ್ಟು ಮಾಡ್ಕೋ, ಈಗ ಕೈ ಕೊಡು!"

ಕೊಡಲಿಲ್ಲ. ಸೊಂಟಕ್ಕೆ ಕೈಹಾಕಿ ಎಳೆದುಕೊಂಡೆ. ಪರಚಿದಳು, ಕಚ್ಚಿದಳು. ಮೊಣಕಾಲುದ್ದ ನೀರಲ್ಲಿ ಅವಳನ್ನು ಹೊತ್ತು ಈಚೆ ದಡದ ಬಂಡೆ ಹೇಗೆ ಹತ್ತಿದೆನೋ ಗೊತ್ತಿಲ್ಲ. ತಿರುಗಿ ನೋಡಿದರೆ ಟ್ರಕ್ಕು ಮಗುಚಿಕೊಂಡು ಹೋಗುತ್ತಿತ್ತು.

ನೀರು ಇಳಿಯುವ ತನಕ ಡಾರೆಲ್ ಆ ದಡ, ನಾವು ಈ ದಡ. ಸಂಜೆ ದನ ಹುಡುಕಿಕೊಂಡು ಬಂದ ರೈತನೊಬ್ಬ ನಮ್ಮನ್ನು ಊರಿಗೆ ತಲುಪಿಸಿದ. "ನಿನ್ನ ಮಾತು ಕೇಳ್ಬೇಕಿತ್ತು" ಎಂದು ಡಾರೆಲ್ ಹೇಳುತ್ತಲೇ ಇದ್ದಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಮಗಳು ಉಳಿದಳಲ್ಲ, ಅಷ್ಟು ಸಾಕು.

ನಿನ್ನ ಮಕ್ಕಳಿಗೆ ನನ್ನ ಮುತ್ತು. ದೇವರು ನಿಮ್ಮ ಮನೆಯನ್ನು ತಂಪಾಗಿಟ್ಟಿರಲಿ.

ನಿನ್ನ ತಂಗಿ,
ವರ್ನಾ

ಮರೆತಿದ್ದೆ: ಬಂಡೆಯ ಮೇಲೆ ಟೆಸ್ ನನ್ನ ಕೊರಳು ತಬ್ಬಿ "ಅಮ್ಮಾ, ಅಮ್ಮಾ" ಎಂದು ಅತ್ತಳು. "ಇಲ್ಲೇ ಇದೀನಿ ಕಂದಾ," ಅಂದೆ. ಅಳು ಥಟ್ಟನೆ ನಿಂತಿತು. "ನಿಮ್ಮನ್ನ ಕರೀಲಿಲ್ಲ," ಅಂದಳು, ತುಂಬ ಮರ್ಯಾದೆಯಿಂದ. ಡಾರೆಲ್‌ಗೆ ಇದನ್ನು ಹೇಳಿಲ್ಲ. ನೀನೂ ಹೇಳಬೇಡ.